ಸರಸಳ ಹೆಸರಿನ ಬಾಟಲಿ

ದುದ್ದ
೧೦-೧೦-೧೯೬೮

ಚಿ. ಸರಸಳಿಗೆ ಅಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನಜ್ಜಿ ಮಾತ್ರ ನನ್ನ ಮೇಲೆ ಮುನಿಸಿಕೊಂಡು ಮೂಲೆಯಲ್ಲಿ ಕೂತಿದ್ದಾಳೆ, ಅದನ್ನು ಮುಂದೆ ಹೇಳುತ್ತೇನೆ. ಉತ್ತರ ತಡವಾಯಿತೆಂದು ಬೇಸರ ಮಾಡಿಕೊಳ್ಳಬೇಡ. ಹೋದ ತಿಂಗಳು ಚನ್ನರಾಯಪಟ್ಟಣಕ್ಕೆ ಬಂದವನು ಊಟಕ್ಕೂ ನಿಲ್ಲದೆ ಯಾಕೆ ಓಡಿದೆ, ಚೀಲದಲ್ಲಿ ಏನಿತ್ತು ಎಂದೆಲ್ಲ ಕೇಳಿದ್ದೀಯ. ಬಸ್ಸು ತಪ್ಪುತ್ತಿತ್ತು ಮಗಳೇ, ಅಷ್ಟೆ. ಟೀಚರಮ್ಮ ಆದ ಮೇಲೆ ಕಂಡವರನ್ನೆಲ್ಲ ಪ್ರಶ್ನೆ ಕೇಳುವ ಚಾಳಿ ಹತ್ತಿದೆ ನಿನಗೆ!

ಈ ಸಲ ನಮ್ಮ ಕೆಂಪು ವೈನು ಚೆನ್ನಾಗಿ ಬಂದಿದೆ. ಹಾಸನದ ಚರ್ಚಿನ ಫಾದರ್ ರುಚಿ ನೋಡಿ ತಲೆದೂಗಿದರು. ಬಿಳಿಯದು ಕಾಫಿ ಎಸ್ಟೇಟುಗಳಿಗೆ ಹೋಯಿತು. ಉಳಿದಿರುವುದು ನಿನ್ನ ಮುದ್ದಿನ ನೊರೆ ವೈನು. ದಿನಾ ಬೆಳಿಗ್ಗೆ ಅದರ ಬಾಟಲಿಗಳನ್ನು ನೀನು ಒಂದೊಂದಾಗಿ ತಿರುಗಿಸುತ್ತಿದ್ದೆಯಲ್ಲ, ಈಗ ಆ ಕೆಲಸ ನಿನ್ನಮ್ಮನದು. ತಲೆಕೆಳಗಾಗಿಯೇ ಇಟ್ಟು ತಿರುಗಿಸುತ್ತಿದ್ದರೆ ಮಡ್ಡಿಯೆಲ್ಲ ಬಾಯಿಯ ಹತ್ತಿರ ಇಳಿಯುತ್ತದೆ, ತೆಗೆಯುವುದು ಸುಲಭ. ಇದು ನಿನಗೆ ಗೊತ್ತು, ಅಜ್ಜಿಗೆ ಗೊತ್ತಿಲ್ಲ.

ಆಯುಧಪೂಜೆಯ ದಿನ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅವಳು ಅಷ್ಟೂ ಬಾಟಲಿಗಳನ್ನು ನೆಟ್ಟಗೆ ನಿಲ್ಲಿಸಿ, ವಿಭೂತಿ ಹಚ್ಚಿ, ಕುಂಕುಮವಿಟ್ಟು, ಒಂದೊಂದರ ಕತ್ತಿಗೂ ಚೆಂಡುಹೂವು ಕಟ್ಟಿದ್ದಾಳೆ! ಒಳಗೆಲ್ಲ ಬಗ್ಗಡ. "ಏನವ್ವಾ ಮಾಡ್ಬುಟ್ಟೆ?" ಎಂದು ಕೂಗಾಡಿದೆ.

"ಅನ್ನ ಕೊಡೋ ಲಕ್ಷ್ಮೀನ ಅಬ್ಬದ ದಿನ ತಲೆಕೆಳಗೆ ನಿಲ್ಸಿದ್ದೀಯಲ್ಲ, ನಿಂಗೆ ಬುದ್ಧಿ ಐತೇನ್ಲಾ ಗಂಗ? ಉಣ್ಣೋ ಕಸುಬಿಗೆ ಕುಂಕುಮ ಇಡಾಕೆ ನಾಚ್ಕೆ ಯಾಕ್ಲಾ?" ಎಂದು ನನ್ನನ್ನೇ ಗದರಿದಳು.

ಸಿಟ್ಟು ಇಳಿದ ಮೇಲೆ ನಗು ಬಂತು. ಮತ್ತೆ ಮೊದಲಿನಿಂದ ತಿರುಗಿಸುತ್ತಿದ್ದೇವೆ. ಕುಂಕುಮ ಒರೆಸಲು ಮನಸ್ಸಾಗಿಲ್ಲ.

ದ್ರಾಕ್ಷಿ ಕೊಯ್ಲಿಗಾದರೂ ಬಾ. ನೀನಿಲ್ಲದೆ ಆ ಬಾಟಲಿ ಕೋಣೆಗೆ ಹೋಗಲು ಬೇಜಾರಾಗುತ್ತದೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ಎಲ್ಲಿದ್ದರೂ ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ಇಂತು ನಿನ್ನ ಅಪ್ಪ,
ಗಂಗಯ್ಯ

ಇನ್ನೊಂದು ಮಾತು: ಬಸ್ಸಿನ ನೆಪ ಸುಳ್ಳು. ಆವತ್ತು ನೀನು ಒಳಗೆ ಕಾಫಿ ಕಾಯಿಸುತ್ತಿದ್ದಾಗ ನಿನ್ನ ಮನೆ ಒಡತಿ ನಂಜಮ್ಮನವರು ಬಂದು, "ತೆಂಗಿನಕಾಯಿ ಯಾಪಾರ ಎಂಗೈತೆ ಸಾ? ನಮ್ಮಪ್ಪಂದು ಅದೇ ಯಾಪಾರ ಅಂತ ನಿಮ್ ಮಗಳು ಯಾವಾಗ್ಲೂ ಏಳ್ತಿರ್ತಾಳೆ" ಎಂದರು. ಚೀಲವನ್ನು ಕಾಲ ಹಿಂದಕ್ಕೆ ಸರಿಸಿಕೊಂಡೆ. ಆಮೇಲೆ "ಚೆನ್ನಾಗೈತೆ ಕಣಮ್ಮ" ಎಂದೆ. ನಿನ್ನ ಮಾತು ಹೋಗಬಾರದಲ್ಲ. ನೋವಾಯಿತು ಮಗಳೇ. ಚೀಲದಲ್ಲಿದ್ದದ್ದು ಹೋದ ವರ್ಷದ ನೊರೆ ವೈನಿನ ಒಂದು ಬಾಟಲಿ. ಹೊಸ ಲೇಬಲ್ಲಿನ ಮೇಲೆ ನಿನ್ನ ಹೆಸರು ಹಾಕಿಸಿ, ನಿನಗೆ ತೋರಿಸೋಣವೆಂದು ತಂದಿದ್ದೆ. ಮನೆಗೆ ಬಂದು ನೀರಿನಲ್ಲಿ ನೆನೆಸಿ ಆ ಲೇಬಲ್ಲನ್ನು ಕಿತ್ತುಬಿಟ್ಟೆ, ಹೆದರಬೇಡ. ಮುಂದಿನ ಸಲ ಬರುವಾಗ ಒಂದಷ್ಟು ತೆಂಗಿನಕಾಯಿ ತರುತ್ತೇನೆ. ನಂಜಮ್ಮನವರಿಗೂ ಕೊಡು.