ಶನಿವಾರದ ಚೀಲ

ಸೋಮವಾರ, ಬೆಳಿಗ್ಗೆ
ನವೆಂಬರ್ ೧೩

ಹೆಡ್ಮಿಸ್ಸಿಗೆ,

ಹನ್ನೊಂದು ವರ್ಷವಾದ ಮೇಲೂ ಕೈಗೆ ಮೊದಲು ಬಂದದ್ದು ಆ ಹೆಸರೇ. ಅದನ್ನು ಪ್ರೀತಿ ಅಂತ ತಪ್ಪು ತಿಳಿಯಬೇಡ. ನಾವು ಕ್ಷೇಮ. ನೀನೂ ಕ್ಷೇಮವಾಗಿಯೇ ಇರುತ್ತೀಯ, ನಿನ್ನಂಥವರಿಗೆ ಏನೂ ಆಗುವುದಿಲ್ಲ.

ನಿನ್ನ ಕಾಗದ ಬುಧವಾರ ಬಂತು. ಸಾರಥಿ ಅಲ್ಲಿನ ಕೆಲಸ ಬಿಟ್ಟು ಊರಿಗೆ ಹೊರಟಿದ್ದಾಳಂತೆ, ಹೋಗುವ ಮೊದಲು ಮೂವರೂ ಮತ್ತೊಮ್ಮೆ ಆ ಸರೋವರಕ್ಕೆ ಹೋಗಿಬರೋಣವಂತೆ, ರಜೆ ಹಾಕಿ ಬಂದುಬಿಡು ಅಂತ ಬರೆದಿದ್ದೀಯ. ದೇಶ ದಾಟಿ ಬಾ ಅನ್ನುವುದನ್ನು ಪಕ್ಕದ ಬೀದಿಗೆ ಕರೆದ ಹಾಗೆ ಕರೆಯುವುದು ನಿನ್ನಿಂದ ಮಾತ್ರ ಸಾಧ್ಯ. ಹಳೆಯದನ್ನೆಲ್ಲ ಮರೆಯೋಣ ಅಂತಲೂ ಬರೆದಿದ್ದೀಯ. ಮರೆಯುವ ಮಾತು ನಿನಗೆ ಸಲೀಸು. ಮರೆಯಬೇಕಾದದ್ದು ನಮ್ಮ ಮನೆಯಲ್ಲಿ ದಿನಾ ಬೆಳಿಗ್ಗೆ ಎದ್ದು ಹಲ್ಲುಜ್ಜುತ್ತದೆ.

ಅಷ್ಟು ಸಾಲದು ಅಂತ ಜೊತೆಗೊಂದು ಫೋಟೋ ಬೇರೆ. ಬಾಡಿಗೆ ದೋಣಿಯಲ್ಲಿ ನಾವು ಮೂವರು, ಕಿತ್ತಳೆ ಬಣ್ಣದ ಜಾಕೆಟ್ಟು, ಸಾರಥಿಯ ಕೈಯಲ್ಲಿ ತಲೆಕೆಳಗಾದ ಹುಟ್ಟು. ನಾನು ಬಾಯಿ ಇಷ್ಟಗಲ ಮಾಡಿ ನಗುತ್ತಿದ್ದೇನೆ. ಮೂಲೆಯಲ್ಲಿ ತಾರೀಖು ಅಚ್ಚಾಗಿದೆ. ಲಕೋಟೆ ಒಡೆದವಳು ನಾನಲ್ಲ, ನನ್ನ ತಂಗಿ.

ಅವಳು ಎರಡು ವರ್ಷದಿಂದ ನನ್ನ ಜೊತೆಯಲ್ಲೇ ಇದ್ದಾಳೆ. ಗಂಡನ ಮನೆಯಿಂದ ಎರಡು ಬ್ಯಾಗು ಹಿಡಿದು ಬಂದವಳು ಮತ್ತೆ ಹೋಗಲಿಲ್ಲ. ಎಡಗಿವಿ ಕೇಳುವುದಿಲ್ಲ. ಅದು ಹುಟ್ಟಿನಿಂದ ಬಂದದ್ದಲ್ಲ, ಮದುವೆಯಿಂದ ಬಂದದ್ದು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಗಿರಾಕಿಗಳು ಮಾತಾಡಿದರೆ ಬಲಗಿವಿ ಮುಂದೆ ಮಾಡಿ, ಇನ್ನೊಮ್ಮೆ ಹೇಳಿ ಅನ್ನುತ್ತಾಳೆ. ಕೆಲವರು ಜಂಬದವಳು ಅಂತ ಆಡಿಕೊಳ್ಳುತ್ತಾರೆ. ಊಟಕ್ಕೆ ಕೂತಾಗ ನಾನು ಮರೆಯದೆ ಅವಳ ಬಲಕ್ಕೆ ಕೂರುತ್ತೇನೆ.

ಫೋಟೋದ ಮೂಲೆಯ ತಾರೀಖನ್ನು ಅವಳು ತುಂಬಾ ಹೊತ್ತು ನೋಡಿದಳು. ತನ್ನ ನಿಶ್ಚಿತಾರ್ಥದ ಹಿಂದಿನ ದಿನವನ್ನು ಅವಳು ಹೇಗೆ ಮರೆಯುತ್ತಾಳೆ? ಅವತ್ತು ನಿನಗೆ ಓವರ್‌ಟೈಮ್ ಇತ್ತು ಅಂದಿದ್ದೆಯಲ್ಲಾ ಅಕ್ಕ ಅಂತ ಕೇಳಿದಳು. ಜಗಳದ ದನಿಯಲ್ಲಲ್ಲ. ಅಂಗಡಿಯಲ್ಲಿ ಡಾಕ್ಟರ ಕೈಬರಹ ಅರ್ಥವಾಗದಿದ್ದರೆ ಕೇಳುತ್ತಾಳಲ್ಲ, ಹಾಗೆ.

ಹಾಗಾಗಿ ಎಲ್ಲವನ್ನೂ ಬಿಡಿಸಿ ಹೇಳಬೇಕಾಯಿತು. ನಿನಗೂ ನೆನಪಿಸುತ್ತೇನೆ, ಮರೆಯುವುದರಲ್ಲಿ ಜಾಣೆ ನೀನು.

ಆ ಕಟ್ಟುಹಲ್ಲಿನ ಕಾರ್ಖಾನೆ ನೆನಪಿದೆಯಾ? ಯಾರ್ಯಾರದೋ ಬಾಯಿಯ ಅಚ್ಚುಗಳು ಟ್ರೇಗಳಲ್ಲಿ ಬರುತ್ತಿದ್ದವು. ನಾನು ಅದಕ್ಕೆ ಪ್ಲಾಸ್ಟರ್ ಎರೆದು, ಗಟ್ಟಿಯಾದ ಮೇಲೆ ಅಂಚು ಉಜ್ಜಿ ಕೊಡುವವಳು. ಸಂಜೆಯ ಹೊತ್ತಿಗೆ ಕಣ್ರೆಪ್ಪೆಯವರೆಗೂ ಬಿಳಿ ಪುಡಿ. ಅದಕ್ಕೇ ನೀನು ನನಗೆ ಹಿಟ್ಟಿನ ಗಿರಣಿ ಅಂತ ಹೆಸರಿಟ್ಟೆ. ನೀನು ಮೇಣದಲ್ಲಿ ಹಲ್ಲು ಕೂರಿಸುವವಳು. ಕೂದಲೆಳೆಯಷ್ಟು ಆಚೀಚೆ ಆದರೂ ಇಡೀ ಸಾಲು ಕಿತ್ತು ಮತ್ತೆ ಜೋಡಿಸುವವಳು. ರೂಮಿನಲ್ಲೂ ಅಷ್ಟೇ, ಯಾರು ಎಷ್ಟು ಹೊತ್ತಿಗೆ ಸ್ನಾನ, ಯಾರು ಯಾವ ದಿನ ಪಾತ್ರೆ, ಎಲ್ಲದಕ್ಕೂ ನಿನ್ನದೇ ಟೈಮ್‌ಟೇಬಲ್ಲು. ಹೆಡ್ಮಿಸ್ ಅಂತ ನಾವಿಟ್ಟ ಹೆಸರಲ್ಲಿ ತಪ್ಪೇನೂ ಇರಲಿಲ್ಲ. ಸಿದ್ಧವಾದ ಹಲ್ಲುಗಳನ್ನು ಡಬ್ಬಿಗೆ ಹಾಕಿ ಕ್ಲಿನಿಕ್ಕುಗಳಿಗೆ ಮುಟ್ಟಿಸುತ್ತಿದ್ದವಳು ಸಾರಥಿ. ಮೂವರಲ್ಲಿ ಲೈಸೆನ್ಸ್ ಇದ್ದದ್ದು ಅವಳೊಬ್ಬಳಿಗೇ.

ಐದು ದಿನ ಬೇರೆಯವರ ಬಾಯಿ ನೋಡಿ ಸಾಕಾಗಿ ಶನಿವಾರ ಬೆಳಿಗ್ಗೆ ಬಾಡಿಗೆ ಕಾರು ಹತ್ತುತ್ತಿದ್ದೆವು. ಕಾಲ ಬಳಿ ಬೇಯಿಸಿದ ಮೊಟ್ಟೆಯ ಡಬ್ಬಿ, ಬ್ರೆಡ್ಡು, ಫ್ಲಾಸ್ಕಿನಲ್ಲಿ ಟೀ. ಗುಡ್ಡವೋ ಕಡಲತೀರವೋ ಹಾಳುಬಿದ್ದ ಕೋಟೆಯೋ, ಎಲ್ಲಾದರೂ ಸರಿ, ಆ ಊರಿನಿಂದ ಹೊರಬಿದ್ದರೆ ಸಾಕು. ಸಾರಥಿ ದಾರಿ ತಪ್ಪಿದರೂ ಒಪ್ಪಿಕೊಳ್ಳುತ್ತಿರಲಿಲ್ಲ, ಇದೇ ಹತ್ತಿರದ ದಾರಿ ಅಂತ ವಾದಕ್ಕೆ ಬೀಳುತ್ತಿದ್ದಳು. ಕೋಟೆ ನೋಡಲು ಹೊರಟು ಸಿಮೆಂಟ್ ಗೋದಾಮಿನ ಗೇಟಿನ ಮುಂದೆ ನಿಂತಾಗಲೂ, ಹಿಂದಿನ ಕಾಲದವರು ಇದನ್ನೇ ಕೋಟೆ ಅನ್ನುತ್ತಿದ್ದರು ಅಂದಳಲ್ಲ! ಅಷ್ಟು ನಕ್ಕದ್ದು ನಾನು ಮತ್ತೆಲ್ಲೂ ಇಲ್ಲ. ಅದನ್ನು ನೆನೆದರೆ ಈಗ ಮೈ ಉರಿಯುತ್ತದೆ.

ಇನ್ನು ನಿನ್ನ ಚೀಲ. ಕಾರು ಹೊರಡುವ ಮುಂಚೆ ಮೂವರ ಫೋನೂ ಆ ನೀಲಿ ಬಟ್ಟೆಯ ಚೀಲಕ್ಕೆ ಬೀಳಬೇಕು, ಭಾನುವಾರ ಸಂಜೆ ಮನೆಯ ಮೆಟ್ಟಿಲ ಬಳಿಯೇ ವಾಪಸ್ ಸಿಗಬೇಕು. ಅದು ನೀನು ಮಾಡಿದ ಕಾನೂನು. ಕಾರಣವೂ ಇತ್ತು ಅನ್ನು. ಶನಿವಾರ ಬಂತೆಂದರೆ ಊರಿಂದ ಒಂದರ ಹಿಂದೆ ಒಂದು ಫೋನು: ಅತ್ತಿಗೆಯ ದೂರು, ಚಿಕ್ಕಪ್ಪನ ಮುನಿಸು, ಯಾರದೋ ಮಗಳಿಗೆ ಬುದ್ಧಿ ಹೇಳುವ ಕೆಲಸ. ಗುಡ್ಡದ ತುದಿಗೆ ಹತ್ತಿ, ಮೂವರೂ ಮೂರು ದಿಕ್ಕಿಗೆ ಮುಖ ಮಾಡಿ ಹೂಂ ಹೂಂ ಅನ್ನುತ್ತ ನಿಂತದ್ದನ್ನು ನೋಡಿ ನಿನಗೆ ರೇಗಿತ್ತು. ಫೋನು ಬಂದರೆ ಯಾರದೆಂದು ನಾನು ನೋಡುತ್ತೇನೆ, ಮುಖ್ಯವಾದದ್ದಿದ್ದರೆ ಹೇಳುತ್ತೇನೆ, ಉಳಿದದ್ದು ಸೋಮವಾರಕ್ಕಿರಲಿ ಅಂತ ಭರವಸೆ ಕೊಟ್ಟವಳು ನೀನು. ಆ ಚೀಲ ಯಾವಾಗಲೂ ನಿನ್ನ ಮಡಿಲಲ್ಲೇ.

ಆ ಶನಿವಾರ ನನ್ನ ಫೋನು ಒಂಬತ್ತು ಸಲ ಬಡಿದುಕೊಂಡಿತು. ಒಂಬತ್ತೂ ನನ್ನ ತಂಗಿಯದೇ. ಅವಳಿಗೆ ಆಗ ಇಪ್ಪತ್ತೆರಡು. ಮಾರನೆಯ ದಿನ ಟೈಲ್ಸ್ ಅಂಗಡಿಯವನೊಬ್ಬನ ಜೊತೆ ನಿಶ್ಚಿತಾರ್ಥ. ಅದು ನನಗೆ ಗೊತ್ತಿತ್ತು. ಅವಳಿಗೆ ಮನಸ್ಸಿಲ್ಲ ಅನ್ನುವುದು ಗೊತ್ತಿರಲಿಲ್ಲ. ಹಿಂದಿನ ವಾರ ಅವನು ಅವಳನ್ನು ಹೊಟೇಲಿಗೆ ಕರೆದುಕೊಂಡು ಹೋಗಿದ್ದನಂತೆ. ಮೇಜಿನ ಮೇಲೆ ನೀರು ಚೆಲ್ಲಿದ ಅಂತ ಬಡಿಸುವವನ ಮೇಲೆ ಕೈ ಎತ್ತಿದನಂತೆ. ಮನೆಗೆ ಬಂದು ಅಮ್ಮನ ಬಳಿ ಅತ್ತರೆ, ಮದುವೆಗೆ ಮುಂಚೆ ಎಲ್ಲರಿಗೂ ಹೆದರಿಕೆ ಇರುತ್ತೆ ಅಂದರಂತೆ. ಅಪ್ಪನ ಎದುರು ನಿಂತು ಬೇಡ ಅನ್ನುವ ಧೈರ್ಯ ಆ ಮನೆಯಲ್ಲಿ ಇದ್ದದ್ದು ನನಗೊಬ್ಬಳಿಗೆ. ನಾನು ಒಂದು ಮಾತು ಹೇಳಿದ್ದರೆ ಅಪ್ಪ ನಿಲ್ಲಿಸುತ್ತಿದ್ದರು. ಆ ಒಂದು ಮಾತಿಗಾಗಿ ಅವಳು ತಾರಸಿಯ ಮೇಲೆ, ಒಣಹಾಕಿದ ಬಟ್ಟೆಗಳ ಮರೆಯಲ್ಲಿ ನಿಂತು ಒಂಬತ್ತು ಸಲ ನನ್ನ ನಂಬರು ಒತ್ತಿದಳು. ನೀನು ಚೀಲದ ಬಾಯಿ ಬಿಗಿಯಾಗಿ ಕಟ್ಟಿಟ್ಟು, ನನಗೆ ಒಂದು ಮಾತೂ ಹೇಳದೆ ಬ್ರೆಡ್ಡಿಗೆ ಬೆಣ್ಣೆ ಹಚ್ಚಿದೆ.

ಭಾನುವಾರ ಸಂಜೆ ನೀನು ಫೋನು ನನ್ನ ಕೈಗೆ ಕೊಟ್ಟೆ. ನಾನು ಮೆಟ್ಟಿಲ ಮೇಲೇ ಕೂತು ಊರಿಗೆ ಮಾಡಿದೆ. ಅಷ್ಟರಲ್ಲಿ ಉಂಗುರ ಬದಲಾಗಿ, ನೆಂಟರು ಊಟ ಮುಗಿಸಿ ಹೊರಡುತ್ತಿದ್ದರು. ಅಮ್ಮ ಫೋನನ್ನು ಅವಳ ಕೈಗೆ ಕೊಟ್ಟರು. ಕೆಲಸ ಜಾಸ್ತಿ ಇತ್ತಾ ಅಕ್ಕ ಅಂತ ಮಾತ್ರ ಕೇಳಿದಳು. ಹೂಂ, ಓವರ್‌ಟೈಮ್ ಅಂದೆ. ದೋಣಿಯಲ್ಲಿ ಕೂತು ನಗುತ್ತಿದ್ದೆ ಅಂತ ಯಾವ ಮುಖ ಇಟ್ಟುಕೊಂಡು ಹೇಳಲಿ? ಅದೊಂದು ಸುಳ್ಳು ನನ್ನದು, ಒಪ್ಪಿಕೊಳ್ಳುತ್ತೇನೆ. ಉಳಿದದ್ದೆಲ್ಲ ನಿನ್ನ ತಲೆಗೇ ಇರಲಿ.

ಮರುವಾರವೇ ನಾನು ಬೇರೆ ರೂಮು ಹಿಡಿದೆ. ಕಾರ್ಖಾನೆಯಲ್ಲಿ ನೀನು ಎದುರಾದರೆ ಪಕ್ಕದ ಸಾಲಿಗೆ ಸರಿದೆ. ನಾಲ್ಕು ತಿಂಗಳಿಗೆ ಕೆಲಸವನ್ನೇ ಬಿಟ್ಟೆ. ಸಾರಥಿ ಬೆನ್ನುಬಿದ್ದು ಕಾರಣ ಕೇಳಿದಳು, ಹೇಳಲಿಲ್ಲ. ನಿನ್ನ ಮಾನ ಉಳಿಯಲಿ ಅಂತ ಬಾಯಿಗೆ ಬೀಗ ಹಾಕಿಕೊಂಡೆ.

ಇದನ್ನೆಲ್ಲ ಕೇಳಿ ತಂಗಿ ಅಳಲಿಲ್ಲ. ತರಕಾರಿ ಹೆಚ್ಚುತ್ತಿದ್ದವಳು ಹೆಚ್ಚುತ್ತಲೇ ಇದ್ದಳು. ಇಷ್ಟು ವರ್ಷ ನಿನ್ನ ಮೇಲೆ ಮನಸ್ಸಿನೊಳಗೆ ಸಣ್ಣ ಸಿಟ್ಟು ಇಟ್ಟುಕೊಂಡಿದ್ದೆ ಅಕ್ಕ, ನನ್ನದು ತಪ್ಪಾಯಿತು ಅಂದಳು. ಅವಳು ನನ್ನ ಬಳಿ ತಪ್ಪಾಯಿತು ಅಂದಳು, ಓದಿದೆಯಾ? ಆಮೇಲೆ ನಿನಗೆ ಬರೆಯಲು ಹೇಳಿದಳು. ಬೈಯಬೇಡ, ಯಾಕೆ ಹಾಗೆ ಮಾಡಿದರು ಅಂತ ಅಷ್ಟನ್ನೇ ಕೇಳು ಅಂದಳು. ಬೈಯದೆ ಇರಲು ನನ್ನಿಂದ ಆಗಲಿಲ್ಲ. ಆದರೂ ಅವಳ ಪ್ರಶ್ನೆ ಕೇಳುತ್ತೇನೆ. ಒಂಬತ್ತು ಸಲ ಬಡಿದುಕೊಂಡ ಫೋನನ್ನು ಮಡಿಲಲ್ಲಿಟ್ಟುಕೊಂಡು ಅವತ್ತು ನಿನ್ನ ಗಂಟಲಲ್ಲಿ ಊಟ ಹೇಗೆ ಇಳಿಯಿತು? ಒಂದು ಹೆಣ್ಣುಮಗು ಒಂಬತ್ತು ಸಲ ಕರೆಯುವಾಗ ಅದು ಮುಖ್ಯವಾದದ್ದು ಅಂತ ನಿನಗೆ ಅನ್ನಿಸಲೇ ಇಲ್ಲವಾ?

ಸರೋವರಕ್ಕೆ ನಾನು ಬರುವುದಿಲ್ಲ. ಸಾರಥಿಗೆ ನನ್ನ ನೆನಪು ಹೇಳು. ನಿನಗೆ ಹೇಳಲು ನನ್ನ ಬಳಿ ಏನೂ ಉಳಿದಿಲ್ಲ.

ಒಂದು ಕಾಲದಲ್ಲಿ ನಿನ್ನವಳಾಗಿದ್ದ
ಹಿಟ್ಟಿನ ಗಿರಣಿ

ತಾ.ಕ.: ಈ ಚೀಟಿ ಬೇರೆ. ಮೇಲಿನ ಪತ್ರವನ್ನು ತಂಗಿ ಓದಿಯಾಗಿದೆ, ಅವಳು ಓದಲೆಂದೇ ಅದನ್ನು ಬರೆದದ್ದು. ಈಗ ಸ್ನಾನಕ್ಕೆ ಹೋಗಿದ್ದಾಳೆ, ಅಂಗಡಿಗೆ ಹೋಗುವ ದಾರಿಯಲ್ಲಿ ತಾನೇ ಅಂಚೆಗೆ ಹಾಕುತ್ತಾಳಂತೆ. ಅವಳು ಬರುವಷ್ಟರಲ್ಲಿ ಇದನ್ನು ಒಳಗಿಟ್ಟು ಲಕೋಟೆ ಅಂಟಿಸಬೇಕು.

ಓದುತ್ತ ಓದುತ್ತ ನನಗೆ ತಲೆ ಕೆಟ್ಟಿದೆ ಅಂದುಕೊಂಡಿರುತ್ತೀಯ. ನೀನು ಚೀಲದ ಬಾಯಿ ಕಟ್ಟಲಿಲ್ಲ. ಎರಡನೆಯ ಸಲಕ್ಕೇ ಫೋನು ಹಿಡಿದು ದಡದವರೆಗೆ ಓಡಿಬಂದೆ, ನಿನ್ನ ತಂಗಿ ಕಣೇ ಅಂದೆ. ನಾನು ಹೆಸರು ನೋಡಿ, ಚೀಲಕ್ಕೆ ಹಾಕು ಅಂದೆ. ಆಮೇಲೆ ಪ್ರತಿ ಸಲವೂ ನೀನು ನನ್ನ ಮುಖ ನೋಡಿದೆ. ಏಳನೆಯದಕ್ಕೆ ನೀನೇ ಮಾತಾಡಲು ಹೊರಟಾಗ ನಿನ್ನ ಕೈ ಹಿಡಿದುಕೊಂಡೆ. ಆ ಫೋಟೋ ತೆಗೆದದ್ದು ಏಳನೆಯದಕ್ಕೂ ಎಂಟನೆಯದಕ್ಕೂ ನಡುವೆ.

ಯಾಕೆ ಅಂತ ನೀನು ಆಗಲೇ ಕೇಳಿದ್ದೆ. ಉತ್ತರ ಕೊಡಲಾಗದೆ ನಾನು ರೂಮು ಬದಲಿಸಿದೆ. ಆ ಟೈಲ್ಸ್ ಅಂಗಡಿಯವನ ಸಂಬಂಧ ಮೊದಲು ಬಂದದ್ದು ನನಗೆ. ನಾನು ಒಲ್ಲೆ ಅಂದೆ. ಅಪ್ಪ ಕೂಗಾಡಲಿಲ್ಲ. ಆ ಮನೆಯವರಿಗೆ ಮಾತು ಕೊಟ್ಟಾಗಿದೆ, ಹಾಗಾದರೆ ಚಿಕ್ಕವಳನ್ನು ಕೇಳುತ್ತೇನೆ, ಅವಳೂ ಬೇಡ ಅಂದರೆ ನೀನು ಕೆಲಸ ಬಿಟ್ಟು ಬಂದು ಅವನನ್ನೇ ಮದುವೆಯಾಗಬೇಕು ಅಂದರು. ಇದು ಅಮ್ಮನಿಗೂ ಗೊತ್ತಿರಲಿಲ್ಲ, ತಂಗಿಗೂ ಗೊತ್ತಿಲ್ಲ. ಅಪ್ಪ ಈಗಿಲ್ಲ. ಅವತ್ತು ಅವಳು ಯಾಕೆ ಫೋನು ಮಾಡುತ್ತಿದ್ದಾಳೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಅವಳ ದನಿ ಕೇಳಿದರೆ ಅವಳ ಪರವಾಗಿ ಮಾತಾಡದೆ ಇರಲು ನನ್ನಿಂದ ಆಗುತ್ತಿರಲಿಲ್ಲ. ಅದಕ್ಕೇ ಎತ್ತಲಿಲ್ಲ.

ನೀನು ಏನೂ ತಪ್ಪು ಮಾಡಿಲ್ಲ. ಸಾರಥಿಯ ಗಮನವೆಲ್ಲ ದೋಣಿಯ ಮೇಲಿತ್ತು, ನೋಡಿದವಳು ನೀನೊಬ್ಬಳೇ ಅಂತ ನಿನ್ನಿಂದ ದೂರ ಓಡಿದೆ. ನಿನ್ನನ್ನು ಕಳೆದುಕೊಂಡು ಹನ್ನೊಂದು ವರ್ಷ ಇದ್ದೇನೆ, ಇನ್ನೂ ಇರಬಲ್ಲೆ. ಆದರೆ ಬುಧವಾರದಿಂದ ಅವಳು ನನ್ನ ಜೊತೆ ಚಿಕ್ಕಂದಿನಲ್ಲಿ ಮಾತಾಡುತ್ತಿದ್ದ ಹಾಗೆ ಮಾತಾಡುತ್ತಿದ್ದಾಳೆ. ಅದನ್ನು ಬಿಟ್ಟುಕೊಡಲು ನನಗೆ ಆಗುವುದಿಲ್ಲ. ನಿನ್ನ ಕಾಗದದ ಕೊನೆಯಲ್ಲಿದ್ದ ನಂಬರನ್ನು ಅವಳು ಬರೆದಿಟ್ಟುಕೊಂಡಿದ್ದಾಳೆ. ಒಂದಲ್ಲ ಒಂದು ದಿನ ನಿನಗೆ ಫೋನು ಮಾಡುತ್ತಾಳೆ. ಎತ್ತಬೇಡ. ಅವಳು ಅಷ್ಟಕ್ಕೆ ಬಿಡುವವಳಲ್ಲ, ಮತ್ತೆ ಮತ್ತೆ ಮಾಡುತ್ತಾಳೆ. ಕೊನೆಗೆ ನಿನಗೆ ಮನಸ್ಸು ತಡೆಯದಿದ್ದರೆ ಎತ್ತಿ, ಎಲ್ಲ ನೀನೇ ಮಾಡಿದ್ದು ಅಂತ ಒಪ್ಪಿಕೊಂಡುಬಿಡು.