ನಿದ್ದೆಹೋದ ಅರಮನೆಯ ಅಡುಗೆಯವಳು

ಸಂಪಾದಕರಿಗೆ ನಮಸ್ಕಾರಗಳು.

ನೀವು ಹಿಂದಿರುಗಿಸಿದ ಕಥೆಯನ್ನು ಮೊದಲು ಹೇಳಿದವರು ನಮ್ಮ ಜೊತೆ ಹೊಲಿಯುವ ನನ್ನ ಸೋದರತ್ತೆ. ಹೋದ ವರ್ಷ ನಮ್ಮ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕರೆಂಟು ಹೋದ ಒಂದು ಮಧ್ಯಾಹ್ನ ಹೇಳಿದ್ದರು. ರಾಜಕುಮಾರಿಯ ಜೊತೆ ಶಾಪಕ್ಕೆ ಸಿಕ್ಕಿ ನೂರು ವರ್ಷ ನಿದ್ದೆಹೋದ ಅರಮನೆ ಹಳಸಿದ ಸರಕು ಎಂದು ನೀವು ಬರೆದಿದ್ದೀರಿ. ಅಂಗಿಯ ಗುಂಡಿಗೆ ಕಾಜಾ ಹಾಕುವವಳೂ ಅಂದು ಹಾಗೆಯೇ ಅಂದಳು: “ಇದು ನಮ್ಮಜ್ಜಿಗೂ ಗೊತ್ತಿತ್ತು, ಬಿಡು ಅತ್ತೆ.”

“ಗೊತ್ತಿದ್ರೆ ಹೇಳೇ. ಎದ್ದ ಮೇಲೆ ಅಷ್ಟು ಜನಕ್ಕೆ ಹಸಿವಾಗಲ್ವಾ? ಯಾರು ಬೇಯಿಸಿಟ್ಟಿದ್ರು?” ಎಂದರು ಅತ್ತೆ.

ಆಮೇಲೆ ಅವರೇ ಕಥೆ ಮುಂದುವರಿಸಿದರು. ಅರಮನೆಯ ಪರದೆಗಳೂ ಮಲಗಿದವರ ಜೊತೆ ಉಸಿರಾಡುತ್ತಿದ್ದವಂತೆ. ಅಡುಗೆಯವಳೊಬ್ಬಳೇ ನೂರು ವರ್ಷ ಎಚ್ಚರವಿದ್ದು, ಪಾತ್ರೆ ತಳ ಹಿಡಿಯದಂತೆ ಸೌಟು ಆಡಿಸುತ್ತಿದ್ದಳಂತೆ.

ಅತ್ತೆಯ ಕಣ್ಣು ದಿನದಿನಕ್ಕೆ ಮಂಜಾಗುತ್ತಿದೆ. ತಮ್ಮ ಕಥೆಯನ್ನು ಅಚ್ಚಿನಲ್ಲಿ ತಾವೇ ಓದಬೇಕೆಂಬುದು ಅವರ ಆಸೆ. ಅದಕ್ಕೇ ಮತ್ತೊಮ್ಮೆ ಕಳಿಸುತ್ತಿದ್ದೇನೆ. ಬೇಕಾದರೆ ರಾಜಕುಮಾರಿಯನ್ನು ತೆಗೆದುಹಾಕಿ, ಅಡುಗೆಯವಳು ಇರಲಿ. ಅಕ್ಷರ ತುಸು ದೊಡ್ಡದಿದ್ದರೆ ಉಪಕಾರ.

ಕಥೆ ಕೇಳಿದವರು ಮರುದಿನ ಬೆಳಿಗ್ಗೆ ಏನು ಮಾಡಿದರೆಂದು ನಿಮಗೆ ಬರೆದಿರಲಿಲ್ಲ. ಎಲ್ಲರೂ ಒಂದು ಗಂಟೆ ಮುಂಚೆ ಬಂದು, ನಮ್ಮ ಕಾರ್ಖಾನೆಯ ಅಡುಗೆಯಮ್ಮನ ಕೈಯಿಂದ ಸೌಟು ಕಿತ್ತುಕೊಂಡು, ಅವರನ್ನು ಬಟ್ಟೆಯ ರಾಶಿಯ ಮೇಲೆ ಮಲಗಿಸಿದರು.

ಇಂತಿ ತಮ್ಮ ವಿಶ್ವಾಸಿ,
ಕಾಲರ್ ಹೊಲಿಯುವವಳು