ಇದ್ದಲ್ಲೇ ಇರಬಹುದು

ಸೋಮವಾರ, 4

ಬಿಸಿನೀರು, ಚಿಟಿಕೆ ಉಪ್ಪು, ಗಂಟಲು ರೆಡಿ. ಆಟೋ ಮೇಲೆ ಲೌಡ್‌ಸ್ಪೀಕರ್, ಒಳಗೆ ಮೈಕ್ ಹಿಡಿದು ನಾನು. ನಗರಸಭೆಯ ಪ್ರಕಟಣೆ ಕೂಗುವುದೇ ಕೆಲಸ. ನಾಳೆ ನೀರು ಬರುವುದಿಲ್ಲ, ನಾಯಿಗೆ ಇಂಜೆಕ್ಷನ್ ಹಾಕಿಸಿ... ಇವತ್ತಿನದು ಮಾತ್ರ ಕೂಗಲು ಖುಷಿ. "ಬಸ್ ನಿಲ್ದಾಣದ ರಸ್ತೆಯ ಬೀದಿಬದಿ ವ್ಯಾಪಾರಿಗಳು ಇದ್ದಲ್ಲೇ ಇರಬಹುದು."

ಅಕ್ಕ ಅಲ್ಲೇ ಹೊಲಿಗೆ ಮಷಿನ್ ಇಟ್ಟುಕೊಂಡು ಬ್ಯಾಗುಗಳಿಗೆ ಜಿಪ್ ಹಾಕುತ್ತಾಳೆ. ಅವಳ ಬದುಕೆಲ್ಲ ಆ ಒಂದು ಮೂಲೆಯಲ್ಲೇ. ಕಣ್ಣು ಒರೆಸಿಕೊಂಡು, "ಇನ್ನೊಂದ್ಸಲ ಹೇಳೇ," ಅಂದಳು. ಹೇಳಿದೆ. ಮೈಕಿನಲ್ಲೇ.

ಗುರುವಾರ, 7

ಆದೇಶ ರದ್ದು! ಎದುರಿನ ದೊಡ್ಡ ಅಂಗಡಿಯವರು ಯಾರನ್ನೋ ಹಿಡಿದಿದ್ದಾರೆ. ಸೋಮವಾರದೊಳಗೆ ಎಲ್ಲರೂ ಜಾಗ ಖಾಲಿ ಮಾಡಬೇಕಂತೆ. ನಗರಸಭೆಯ ಸಾಹೇಬರು ಹೊಸ ಕಾಗದ ನನ್ನ ಮುಂದೆ ತಳ್ಳಿದರು. "ಇದನ್ನೂ ನೀವೇ ಕೂಗ್ಬೇಕು ಮೇಡಂ. ನಿಮ್ಮ ದನಿ ಕೇಳಿದ್ರೇನೇ ಜನ ನಂಬೋದು."

ಮೈಯೆಲ್ಲ ಉರಿದುಹೋಯಿತು. ಹೇಳಿದ ಬಾಯಲ್ಲೇ ಅಳಿಸಬೇಕಂತೆ. ಗಂಟಲು ಹಿಡಿದುಕೊಂಡು ಕೆಮ್ಮಿದೆ. ದನಿ ಬಿದ್ದುಹೋಗಿದೆ ಎಂದು ಸನ್ನೆ ಮಾಡಿದೆ.

ಶುಕ್ರವಾರ

ಮನೆಯಲ್ಲೂ ಮೂಗಿ. ಪಕ್ಕದ ಮನೆಯಲ್ಲೇ ಸಾಹೇಬರ ಭಾವಮೈದ ಇದ್ದಾನಲ್ಲ. ನಮ್ಮವರಿಗಂತೂ ಸ್ವರ್ಗ. "ಸಾಹೇಬ್ರಿಗೆ ಒಂದು ಥ್ಯಾಂಕ್ಸ್ ಹೇಳ್ಬೇಕು ಕಣೇ," ಅಂದರು. ಸೌಟು ತೋರಿಸಿದೆ.

ಶನಿವಾರ, ಸಂಜೆ

ನನ್ನ ಬದಲು ಆಫೀಸಿನ ಗುಮಾಸ್ತ ಕೂಗಿಕೊಂಡು ಹೋದನಂತೆ. ಯಾರೂ ಸೊಪ್ಪು ಹಾಕಲಿಲ್ಲ. ಆಟೋ ಡ್ರೈವರ್ ಬಂದು ಹೇಳಿದ: "ನಿಮ್ಮಕ್ಕ ಮಷಿನ್ ತುಳೀತಾನೇ ಇದ್ರು. 'ಇರಿ ಅಂದೋಳು ನನ್ನ ತಂಗಿ. ಏಳಿ ಅಂತಾನೂ ಅವಳೇ ಬಂದು ಹೇಳ್ಲಿ' ಅಂದ್ರು."

ಹೊಟ್ಟೆ ತುಂಬ ನಕ್ಕೆ. ಆಮೇಲೆ ನಾಚಿಕೆಯಾಯಿತು. ಅವಳು ಅಲ್ಲಿ ರಸ್ತೆಯಲ್ಲಿ, ನಾನು ಇಲ್ಲಿ ಮಫ್ಲರ್ ಸುತ್ತಿಕೊಂಡು...

ಸೋಮವಾರ, 11

ಸಾಹೇಬರ ಫೋನ್. "ಇವತ್ತು ಕೂಗ್ಲಿಲ್ಲ ಅಂದ್ರೆ ನಾಳೆಯಿಂದ ಕೆಲಸಕ್ಕೆ ಬರ್ಲೇಬೇಡಿ."

"ಕೂಗ್ತೀನಿ ಸಾರ್," ಅಂದೆ. ದನಿ ಖಣಖಣ ಅಂದಿತು.

ಅದೇ ದಿನ, ಆಟೋದಲ್ಲಿ

ಬಸ್ ನಿಲ್ದಾಣದ ರಸ್ತೆ. ಈಗಷ್ಟೇ ಕೂಗಿ ಮುಗಿಸಿದೆ. ಮರೆಯುವ ಮುಂಚೆ ಬರೆದಿಡಬೇಕು.

"ಸಾರ್ವಜನಿಕರ ಗಮನಕ್ಕೆ. ನನ್ನ ದನಿ ಬಿದ್ದುಹೋಗಿದೆ ಎಂದು ಕಚೇರಿಗೆ ತಿಳಿಸಿದ್ದೆ. ಆ ಹೇಳಿಕೆಯನ್ನು ಈ ಮೂಲಕ ಹಿಂಪಡೆಯುತ್ತಿದ್ದೇನೆ. ಗಂಟಲು ಗಟ್ಟಿಯಾಗಿದೆ. ವ್ಯಾಪಾರಿಗಳು ಇದ್ದಲ್ಲೇ ಇರಬಹುದೆಂಬ ಆದೇಶ ರದ್ದಾಗಿದೆ ಎಂದು ಕಚೇರಿ ಹೇಳುತ್ತಿದೆ. ಕಳೆದ ಸೋಮವಾರ ನಾನು ಹೇಳಿದ ಮಾತನ್ನು ನಾನು ಹಿಂಪಡೆಯುವುದಿಲ್ಲ."

ಮೊದಲು ಅಕ್ಕನ ಮಷಿನ್ ಶುರುವಾಯಿತು. ಬೀಗ ರಿಪೇರಿಯವನು ಸ್ಟೂಲು ಎಳೆದುಕೊಂಡು ಕೂತ. ಒಬ್ಬರೂ ಏಳಲಿಲ್ಲ.

ಸಾಹೇಬರ ಜೀಪ್ ಬಂತು. ಡ್ರೈವರ್ ಕೇಳುತ್ತಿದ್ದಾನೆ, "ಹೊರಡೋಣ್ವಾ ಮೇಡಂ?" ಬೇಡ. ಇಂಜಿನ್ ಆಫ್ ಮಾಡಿಸಿದ್ದೇನೆ. ಮೈಕ್ ಮಾತ್ರ ಆಫ್ ಮಾಡಿಲ್ಲ. ಬಂದು ಬೈಯಲಿ, ಊರಿಗೆಲ್ಲ ಕೇಳಿಸಲಿ. ಇಳಿದರು. ಅಕ್ಕನೂ ಎದ್ದಳು — ಕೊರಳಲ್ಲಿ ಟೇಪು ಹಾಗೇ ಇದೆ — ಈ ಕಡೆಗೇ ಬರುತ್ತಿದ್ದಾಳೆ. ಅವಳ ಹಿಂದೆ ಬೀಗದವನು, ಅವನ ಹಿಂದೆ ಉಳಿದವರೆಲ್ಲ...